ಹಾಡಿಗಾಗಿ ಯಂತ್ರ ನಿಲ್ಲಿಸಿದ ಸೇಸಪ್ಪ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಹರೈನಿನ ಮನಾಮದ ದೊಡ್ಡದೊಂದು ಹೋಟೆಲಿನ ಹಿತ್ತಲಿನಲ್ಲಿ ಸೇಸಪ್ಪ ಮೂಲ್ಯ ಕುಕ್ಕುರುಗಾಲಿನಲ್ಲಿ ಕುಳಿತು ಕೋಣೆಗಳ ಎಸಿ ಫಿಲ್ಟರುಗಳನ್ನು ತೊಳೆಯುತ್ತಿದ್ದಾರೆ. ಆಗಸ್ಟ್ ತಿಂಗಳು. ಸೂರ್ಯ ಏಳುವ ಮೊದಲೇ ಗೋಡೆಗಳು ಬೆವರುತ್ತಿವೆ. ಮರುಭೂಮಿಯ ಹುಡಿಯೆಲ್ಲ ಕೆಸರಾಗಿ ಅವರ ಕಾಲಬುಡದಲ್ಲಿ ಹರಿದು ಚರಂಡಿ ಸೇರುತ್ತಿದೆ.

ಅಡುಗೆಮನೆಯ ಬಾಗಿಲಿನಿಂದ, ಬಾರಿನಲ್ಲಿ ಬಡಿಸುವ ಓಸ್ವಾಲ್ಡ್ ಕರೆಯುತ್ತಾರೆ. ಸೇಸಪ್ಪ ತಿರುಗುವುದಿಲ್ಲ. ಇನ್ನೊಮ್ಮೆ ಕರೆಯುತ್ತಾರೆ. ಕೊನೆಗೆ ಚಾದ ಗ್ಲಾಸು ಹಿಡಿದು ಹತ್ತಿರ ಬಂದು, ಹೆಗಲು ಮುಟ್ಟಿ, ಬಲಗಿವಿಯ ಬಳಿ ಬಾಯಿ ತಂದು ಹೇಳುತ್ತಾರೆ: “ಸೇಸಪ್ಪಣ್ಣಾ, ನಾನು ಕರೆದ ಸ್ವರಕ್ಕೆ ಮೂರನೇ ಮಾಳಿಗೆಯ ಗಿರಾಕಿ ಎದ್ದಿರ್ಬೇಕು. ನೀವು ಮಾತ್ರ ಇಲ್ಲ!”

“ನಾನು ಎದ್ದೇ ಇದ್ದೇನಲ್ಲ ಮಾರಾಯ. ಮಲಗಿದವರನ್ನು ಎಬ್ಬಿಸು,” ಎನ್ನುತ್ತಾರೆ ಸೇಸಪ್ಪ.

ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಹೋಗುತ್ತಾ ಇದೆ. ಎರಡು ತಿಂಗಳ ಹಿಂದೆ ಈ ಸಂಗತಿ ಅವರೊಬ್ಬರಿಗೇ ಗೊತ್ತಿತ್ತು. ಈಗ ಇಡೀ ಹೋಟೆಲಿಗೆ ಗೊತ್ತು. ಮುಂದಿನ ತಿಂಗಳು ಅವರ ಕರಾರು ಮುಗಿಯುತ್ತದೆ. ಕಿವಿ ಕೇಳದ ಯಂತ್ರದಾಳನ್ನು ಮತ್ತೆ ಇಟ್ಟುಕೊಳ್ಳುತ್ತಾರೋ, ಊರಿಗೆ ಕಳಿಸುತ್ತಾರೋ ಎಂದು ಯಾರೂ ಹೇಳುತ್ತಿಲ್ಲ.

ವಿಟ್ಲದ ಕಡೆಯ ಸೇಸಪ್ಪ ಕೆಲಸ ಕಲಿತದ್ದು ಮಂಗಳೂರು ಬಂದರಿನ ಐಸ್ ಪ್ಲಾಂಟಿನಲ್ಲಿ. ಬಂಗುಡೆ, ಬೂತಾಯಿ ಮೀನು ಹೊತ್ತ ದೋಣಿಗಳು ಬರುವ ಮೊದಲು ಮಂಜುಗಡ್ಡೆ ಸಿದ್ಧವಿರಬೇಕು. ಅಲ್ಲಿ ಕಂಪ್ರೆಸರಿನ ಪಕ್ಕದಲ್ಲೇ ಮಲಗಿ, ಅದರ ಸದ್ದು ಒಂದಿಷ್ಟು ಬದಲಾದರೂ ಎಚ್ಚರವಾಗುತ್ತಿದ್ದವರು. ಎಪ್ಪತ್ತನಾಲ್ಕರಲ್ಲಿ ಬಹರೈನಿಗೆ ಬಂದರು. ಅಂದಿನಿಂದ ಈ ಹೋಟೆಲಿನ ನೆಲಮಾಳಿಗೆಯೇ ಅವರ ಲೋಕ. ಇಡೀ ಕಟ್ಟಡವನ್ನು ತಣಿಸುವ ಚಿಲ್ಲರ್ ಯಂತ್ರ ಇರುವುದು ಅಲ್ಲಿ. ಆ ಅಬ್ಬರದ ನಡುವೆ ಒಂಬತ್ತು ವರ್ಷ. ಕಿವಿಗೆ ಹತ್ತಿ ಬಿಟ್ಟರೆ ಬೇರೆ ರಕ್ಷಣೆ ಇರಲಿಲ್ಲ.

“ಮೊದಲು ಹೋದದ್ದು ಹಕ್ಕಿಯ ಸ್ವರ. ಇಲ್ಲಿ ಹಕ್ಕಿ ಕಡಿಮೆ, ಹಾಗಾಗಿ ಗೊತ್ತಾಗ್ಲಿಲ್ಲ. ಆಮೇಲೆ ಕುಸುಮಾವತಿಯ ಸ್ವರ,” ಎನ್ನುತ್ತಾರೆ. ಕುಸುಮಾವತಿ ಊರಿನಲ್ಲಿರುವ ಹೆಂಡತಿ. ಟ್ರಂಕ್ ಕಾಲ್ ಬಂದಾಗ ಆಕೆ ಆ ಕಡೆಯಿಂದ ಕೂಗುತ್ತಾರೆ. “ನಾನು ಹೂಂ ಅಂತೇನೆ. ಎಂತಕ್ಕೆ ಹೂಂ ಅಂದದ್ದು ಅಂತ ಇನ್ನೊಂದು ಕಾಲ್ ಬಂದಾಗ ಗೊತ್ತಾಗ್ತದೆ.” ನಗುತ್ತಾರೆ. ಆ ನಗು ಬೇಗ ಆರಿಹೋಗುತ್ತದೆ.

ಕಳೆದ ಚಳಿಗಾಲದಲ್ಲಿ ಡೆನ್ಮಾರ್ಕಿನಿಂದ ಐವರ ವಾದ್ಯತಂಡವೊಂದು ಹೋಟೆಲಿನ ಬಾರಿನಲ್ಲಿ ನುಡಿಸಲು ಬಂತು. ಪಿಯಾನೋ ನುಡಿಸಿ ಹಾಡುವ ಪ್ರೆಬೆನ್ ಅದರ ಯಜಮಾನ. ಗಿರಾಕಿಗಳಿಗೆ ಬೇಕಾದದ್ದು ಗೊತ್ತಿರುವ ಹಳೆಯ ಹಾಡುಗಳು. ಆದರೆ ಇವರ ಬಳಿ ತಾವೇ ಕಟ್ಟಿದ ಬ್ಲೂಸ್ ಹಾಡುಗಳಿದ್ದವು. ಎದೆಯಲ್ಲಿ ದುಃಖ, ಕಾಲಿನಲ್ಲಿ ಕುಣಿತ, ಅಂಥ ಹಾಡುಗಳು. ಊರಿಗೆ ಮರಳುವ ಮೊದಲು ಅವನ್ನು ಟೇಪಿಗೆ ಹಿಡಿದು ಒಂದು ಎಲ್‌ಪಿ ಮಾಡಬೇಕೆಂದು ಅವರ ಆಸೆ. ಹೋಟೆಲಿನವರು ಸಮಾರಂಭದ ದೊಡ್ಡ ಹಾಲನ್ನು ಬೆಳಗಿನ ಜಾವ ಮಾತ್ರ ಬಿಟ್ಟುಕೊಟ್ಟರು.

ತೊಂದರೆ ಇದ್ದದ್ದು ಕೆಳಗೆ. ಹಾಲಿನ ನೇರ ಅಡಿಯಲ್ಲೇ ಚಿಲ್ಲರ್. ಅದರ ಗುಂಯ್‌ಗುಡುವಿಕೆ ಕಂಬಗಳ ಮೂಲಕ ಹತ್ತಿ ಮೈಕಿಗೆ ಸೇರುತ್ತಿತ್ತು. ಹಾಗಾಗಿ ಒಂದೊಂದು ಹಾಡಿಗೂ ಯಂತ್ರ ನಿಲ್ಲಿಸಬೇಕು. ಮಲಗಿದ ಗಿರಾಕಿಗಳಿಗೆ ಸೆಕೆಯಾಗುವ ಮೊದಲು ಮತ್ತೆ ಹಚ್ಚಬೇಕು. ಈ ಕೆಲಸ ಸೇಸಪ್ಪನವರ ಪಾಲಿಗೆ ಬಂತು. ಓಸ್ವಾಲ್ಡ್ ಹಾಲಿನಲ್ಲಿ ನಿಂತಿರುತ್ತಿದ್ದರು. ಹಾಡು ಮುಗಿದ ಕೂಡಲೇ ಅವರು ಕೆಳಗೆ ಫೋನು ಮಾಡಿದರೆ ಸೇಸಪ್ಪ ಯಂತ್ರ ಹಚ್ಚುವುದು.

ಫೋನಿನ ಗಂಟೆ ಸೇಸಪ್ಪನವರಿಗೆ ಕೇಳುತ್ತಿರಲಿಲ್ಲ. ಅವರು ಫೋನಿನ ಮೈಮೇಲೆ ಅಂಗೈ ಇಟ್ಟು ಕೂರುತ್ತಿದ್ದರು. ಗಂಟೆ ಹೊಡೆದರೆ ಅಂಗೈ ನಡುಗುತ್ತಿತ್ತು. “ಓಸ್ವಾಲ್ಡ್ ತಮಾಷೆ ಮಾಡ್ತಿದ್ದ, ಸೇಸಪ್ಪಣ್ಣ ಹೆಂಡತಿಯ ಫೋನಿಗೆ ಕಾದ ಹಾಗೆ ಕಾಯ್ತಾರೆ ಅಂತ. ನಾನೂ ನಗ್ತಿದ್ದೆ. ಬೇರೆ ಎಂತ ಮಾಡುದು?”

ಜೂನ್ ತಿಂಗಳ ಒಂದು ಬೆಳಗ್ಗೆ ಹಾಡು ಮುಗಿಯಿತು. ಓಸ್ವಾಲ್ಡ್ ಫೋನು ಮಾಡಿದರು. ಅದೇ ಹೊತ್ತಿಗೆ ಕೆಳಗೆ ಒಂದು ಪೈಪಿನ ನಟ್ಟು ಸಡಿಲವಾಗಿ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಬಿಗಿಯಲು ಸೇಸಪ್ಪ ಫೋನಿನ ಮೇಲಿನಿಂದ ಕೈ ತೆಗೆದಿದ್ದರು. ಗಂಟೆ ಹೊಡೆದು ಹೊಡೆದು ನಿಂತಿತು. ಯಂತ್ರ ಶುರುವಾಗಲಿಲ್ಲ. ಮೇಲಿದ್ದ ಪ್ರೆಬೆನ್, ಸೇಸಪ್ಪ ಇನ್ನಷ್ಟು ಸಮಯ ಕೊಟ್ಟಿದ್ದಾರೆ ಎಂದುಕೊಂಡರು. ಟೇಪಿಗೆ ಹಿಡಿಯಲು ಸಮಯವೇ ಸಿಗದೆ ಕೈಬಿಟ್ಟಿದ್ದ ಹಾಡೊಂದನ್ನು ಎತ್ತಿಕೊಂಡರು. ಬೆವರು ಸುರಿಸುತ್ತಾ ಐವರೂ ಒಂದೇ ಉಸಿರಿನಲ್ಲಿ ನುಡಿಸಿದರು. “ಆ ತನಕ ಅಷ್ಟು ಚಂದ ಬಂದದ್ದೇ ಇಲ್ಲ. ನನಗೆ ಮತ್ತೊಮ್ಮೆ ಫೋನ್ ಮಾಡುದು ಮರ್ತೇ ಹೋಯ್ತು,” ಎನ್ನುತ್ತಾರೆ ಓಸ್ವಾಲ್ಡ್.

ಹಾಡು ಮುಗಿಸಿದ ಪ್ರೆಬೆನ್ ಮೆಟ್ಟಿಲಿಳಿದು ಬಂದು ಸೇಸಪ್ಪನವರ ಎರಡೂ ಕೈ ಹಿಡಿದು ಕುಲುಕಿದರು. ಫೋನು ಬಂದಿತ್ತು ಎಂದು ಸೇಸಪ್ಪನವರಿಗೆ ತಿಳಿದದ್ದೇ ಆಗ. ಪ್ರೆಬೆನ್ ಹಿಂದೆಯೇ ಸೂಪರ್‌ವೈಸರ್ ಮುಹಮ್ಮದ್ ಶರೀಫ್ ಓಡಿ ಬಂದರು. ಮೇಲಿನ ಮಾಳಿಗೆಗಳಲ್ಲಿ ಗಿರಾಕಿಗಳು ಎದ್ದು ಕಿಟಕಿ ತೆರೆದಿದ್ದರು, ಒಬ್ಬ ಹೆಂಗಸಿಗೆ ಉಸಿರು ಕಟ್ಟಿತ್ತು.

ಹೆಚ್ಚು ಸಮಯ ನಾವೇ ಕೇಳಿಕೊಂಡದ್ದು, ತಪ್ಪು ನಮ್ಮದು ಎಂದು ಪ್ರೆಬೆನ್ ಮುಂದೆ ಬಂದು ಹೇಳಿದರು. ಸೇಸಪ್ಪ ಹೂಂ ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

“ನನಗೂ ಅಷ್ಟೇ ಬೇಕಿತ್ತು,” ಎನ್ನುತ್ತಾರೆ ಸೇಸಪ್ಪ, ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತಾ. “ಆದ್ರೆ ಯಂತ್ರದ ಗ್ಯಾಸ್ ಲೀಕಾದ್ರೆ ಹೊಡೆಯುವ ಗಂಟೆಯೂ ಆ ಕೋಣೆಯಲ್ಲೇ ಉಂಟು. ಇವತ್ತು ಫೋನ್ ಕೇಳ್ಲಿಲ್ಲ. ನಾಳೆ ಅದೂ ಕೇಳುದಿಲ್ಲ. ಮೇಲೆ ಮಕ್ಕಳುಮರಿ ಮಲಗಿರ್ತಾರೆ. ಶರೀಫ್ ಭಾಯಿ ಹತ್ರ ಹೇಳಿಬಿಟ್ಟೆ, ಮೇರಾ ಕಾನ್ ಗಯಾ, ನನ್ನ ಕಿವಿ ಹೋಯ್ತು ಅಂತ.”

ಶರೀಫ್ “ಪಾಗಲ್, ಪೆಹಲೇ ಕ್ಯೂಂ ನಹೀ ಬೋಲಾ?” ಎಂದು, ಮೊದಲೇ ಹೇಳದ್ದಕ್ಕೆ ಬೈದು, ಮರುದಿನ ತಾವೇ ಸಲ್ಮಾನಿಯಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಿವಿ ತೋರಿಸಿದರು. ಹೋದದ್ದು ಮರಳಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಯಂತ್ರದ ಕೋಣೆಯ ಬೀಗದ ಕೈ ಬೇರೆಯವರ ಪಾಲಾಯಿತು. ಸೇಸಪ್ಪನವರಿಗೆ ಹಿತ್ತಲು, ನಲ್ಲಿ, ದಿನಕ್ಕೆ ನಲವತ್ತು ಫಿಲ್ಟರು.

ವಾದ್ಯದವರು ಹೊರಡುವ ಮುನ್ನಾದಿನ ಸೇಸಪ್ಪನವರನ್ನು ಹಾಲಿಗೆ ಕರೆದು ಕೂರಿಸಿ ಆ ಹಾಡಿನ ಟೇಪ್ ಹಾಕಿದರು. ದೊಡ್ಡ ಪಿಟೀಲಿನಂಥ ವಾದ್ಯದ ದಪ್ಪ ಸ್ವರ, ಡ್ರಮ್ಮಿನ ಪೆಟ್ಟು, ಇಷ್ಟು ಕೇಳಿಸಿತು. ಗಿಟಾರೂ ಇಲ್ಲ, ಮಾತೂ ಇಲ್ಲ. “ಆದ್ರೂ ಗೊತ್ತಾಯ್ತು. ನಮ್ಮಲ್ಲಿ ಗದ್ದೆಯಲ್ಲಿ ನೇಜಿ ನೆಡುವಾಗ ಹೆಂಗಸರು ಸಾವಿನ ಕತೆ ಹೇಳುವ ಪಾಡ್ದನ ಹಾಡ್ತಾರಲ್ಲ, ಕಣ್ಣಲ್ಲಿ ನೀರು ಬಂದ್ರೂ ಕೈ ನಿಲ್ಲುದಿಲ್ಲ. ಹಾಗೆ.”

ಟೇಪು ಡೆನ್ಮಾರ್ಕಿಗೆ ಹೋಗಿದೆ. ಚಳಿಗಾಲಕ್ಕೆ ಎಲ್‌ಪಿ ಬರಲಿದೆ. ಅದರ ಹೊದಿಕೆಯಲ್ಲಿ ನಿಮ್ಮ ಹೆಸರು ಹಾಕುತ್ತೇವೆ ಎಂದು ಪ್ರೆಬೆನ್ ಹೇಳಿದ್ದರು. ಸೇಸಪ್ಪ ಬೇಡವೆಂದರು. ಅವರನ್ನು ಕೊರೆಯುತ್ತಿರುವುದು ಬೇರೆ. ಆ ಹಾಡು ನಡೆಯುವಾಗ ಅವರು ಕೆಳಗೆ ನಟ್ಟು ಬಿಗಿಯುತ್ತಿದ್ದರು. ಸ್ಪ್ಯಾನರ್ ಕೈಜಾರಿ ಪೈಪಿಗೆ ಬಡಿದಿತ್ತು. ಎಷ್ಟು ಜೋರಾಗಿ ಬಡಿಯಿತೋ, ಆ ಸದ್ದು ಟೇಪಿಗೆ ಸೇರಿದೆಯೋ ಅವರಿಗೆ ಗೊತ್ತಿಲ್ಲ.

“ಏನೂ ಕೇಳುದಿಲ್ಲ ಸೇಸಪ್ಪಣ್ಣ, ಎಷ್ಟು ಸಲ ಹೇಳುದು ನಿಮಗೆ?” ಎಂದು ಓಸ್ವಾಲ್ಡ್ ಗದರುತ್ತಾರೆ.

“ಅವ ನನ್ನ ಮೇಲಿನ ಪ್ರೀತಿಗೆ ಹೇಳುದು,” ಎನ್ನುತ್ತಾರೆ ಸೇಸಪ್ಪ, ಮತ್ತೊಂದು ಫಿಲ್ಟರನ್ನು ನಲ್ಲಿಯಡಿಗೆ ಹಿಡಿಯುತ್ತಾ. “ನನ್ನ ಗುರ್ತ ಇಲ್ಲದವರು ಯಾರಾದ್ರೂ, ಒಳ್ಳೆ ಕಿವಿ ಇರುವವರು, ಆ ಹಾಡನ್ನು ಕೂತು ಕೇಳ್ಬೇಕು. ಕೇಳಿ, ಅಡಿಯಿಂದ ಒಂದು ಶಬ್ದವೂ ಇಲ್ಲ ಅಂತ ಹೇಳ್ಬೇಕು. ಆಮೇಲೆ ಊರಿಗೆ ಕಳಿಸಿದ್ರೆ ಕಳಿಸ್ಲಿ.”