ಕಾಕಾನ ಎಡಗಾಲು

ಇಳಕಲ್ಲಿನ ನಮ್ಮ ಓಣಿಯಲ್ಲಿ ನಾನು ಅಣಕಿಸದೆ ಬಿಟ್ಟ ಜೀವವಿರಲಿಲ್ಲ. ಪೋಸ್ಟಮನ್ನನ ಕೆಮ್ಮು, ಗಣಿತದ ಮಾಸ್ತರರು ಮೂಗಿನಿಂದ ಹಾಜರಿ ಕೂಗುವ ಧಾಟಿ, ರಿಸಲ್ಟ್ ಹಚ್ಚಿದ ದಿನ ನನ್ನ ನಂಬರನ್ನು ನಾನೇ ಕೆಳಗಿನಿಂದ ಮೇಲಕ್ಕೆ ಹುಡುಕುವ ಚಂದ, ಎಲ್ಲವೂ ನನ್ನ ಸರಕು. ಆದರೆ ಮಂದಿ ಕೇಳಿ ಕೇಳಿ ಮಾಡಿಸುತ್ತಿದ್ದುದು ನಮ್ಮ ಕಾಕಾ ಕಾರು ಹೊಡೆಯುವುದನ್ನು.

ಕಾಕಾ ಇಪ್ಪತ್ತು ವರ್ಷ ಕುಣಿಮಗ್ಗದಲ್ಲಿ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕೂತು, ಸೀರೆ ನೇಯ್ದವನು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ದಿನ ಕುಣಿಯಿಂದ ಎದ್ದುಬಂದು, ಇಷ್ಟು ದಿನ ಗೋಡೆ ನೋಡಿದ್ದು ಸಾಕು, ಇನ್ನು ರಸ್ತೆ ನೋಡುತ್ತೇನೆ ಎಂದು ಹಳೆಯ ಕಾರೊಂದನ್ನು ತಂದು ಬಾಡಿಗೆಗೆ ಓಡಿಸತೊಡಗಿದ. ಕಾರಿಗೂ ಕಾಕಾನಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಕೆಮ್ಮು ಮಾತ್ರ ಕಾರಿನದು ಜೋರು.

ಬಾದಾಮಿಯ ಹತ್ತಿರದ ಏರಿನಲ್ಲಿ ಒಮ್ಮೆ ಬೀಗರನ್ನು ತುಂಬಿಕೊಂಡು ಹೊರಟಾಗ ಇಂಜಿನ್ನು ಹುಲಿಯ ಹಾಗೆ ಗರ್ಜಿಸಿತು, ಗಾಡಿ ಮಾತ್ರ ಕೆಸರಿನ ಎಮ್ಮೆಯ ಹಾಗೆ ನಿಂತುಕೊಂಡಿತು. ಸುಟ್ಟ ವಾಸನೆ ಬೇರೆ. ಬೀಗರು ಜರಿಯ ರುಮಾಲು ಸುತ್ತಿಕೊಂಡೇ ಇಳಿದು ನೂಕಿದರು. ಬಾಗಲಕೋಟೆಯಲ್ಲಿ ಹೊಸ ಕ್ಲಚ್ ಪ್ಲೇಟು ಹಾಕಿಸಿದ್ದಾಯಿತು. ನಾಲ್ಕು ತಿಂಗಳಲ್ಲಿ ಅದೂ ಸವೆಯಿತು. ಇನ್ನೊಂದು ಹಾಕಿಸಿದರೆ ಅದು ಮೂರೇ ತಿಂಗಳು ಬಾಳಿತು. ಇಂಜಿನ್ನಿಗೇ ದಮ್ಮಿಲ್ಲ, ಮಾರಿಬಿಡು ಎಂದು ಓಣಿಯೆಲ್ಲ ತೀರ್ಪು ಕೊಟ್ಟಿತು. ಕಾಕಾನ ಹೆಂಡತಿ, ನಮ್ಮ ಕಾಕು, ಮಗ್ಗದ ಕುಣಿಯ ಕಸ ಬಳಿಯತೊಡಗಿದಳು. ಅದನ್ನು ನೋಡಿ ಕಾಕಾ ಹೇಳಿದ: "ಹುನಗುಂದದ ಮಿಸ್ತ್ರಿ ಒಬ್ರು ಉಳದಾರ. ಅವರೂ ಆಗೂದಿಲ್ಲ ಅಂದ್ರ, ಮಾರಿ ಬಂದು ಮತ್ತ ಮಗ್ಗಕ್ಕ ಕೂಡ್ತೇನಿ."

ನನ್ನನ್ನೂ ಕರೆದುಕೊಂಡು ಹೋದ, ಏರು ಬಂದರೆ ನೂಕಲಿಕ್ಕೆ ಬೇಕಲ್ಲ.

ಮಿಸ್ತ್ರಿ ಮಾತು ಕಡಿಮೆಯ ಮನುಷ್ಯ. ಕೈಬ್ರೇಕು ಎಳೆದು, ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಕ್ಲಚ್ಚನ್ನು ಮೆಲ್ಲಗೆ ಬಿಟ್ಟರು. ಇಂಜಿನ್ನು ಆಗ ಉಸಿರುಕಟ್ಟಿ ನಿಲ್ಲಬೇಕಂತೆ. ಇದು ಆರಾಮಾಗಿ ಗುರುಗುಡುತ್ತಲೇ ಇತ್ತು. ಇಂಜಿನ್ನಿನ ಶಕ್ತಿ ಗಾಲಿಗೆ ಮುಟ್ಟುತ್ತಿಲ್ಲ, ಪ್ಲೇಟು ಸವೆದಿದೆ, ಇಂಜಿನ್ನು ಗಟ್ಟಿಯಿದೆ ಎಂದರು. ಕೆಳಗೆ ಹೊಕ್ಕು ಎಣ್ಣೆ ಸೋರಿದೆಯೇ ಎಂದು ಬೆರಳಾಡಿಸಿದರು. ಒಣಗಿತ್ತು. ಪೆಡಲನ್ನು ಕೈಯಿಂದ ಒತ್ತಿ ಅದರ ಸಡಿಲ ನೋಡಿದರು. ಅದೂ ಸರಿಯಿತ್ತು. ಕೊನೆಗೆ ಕೈ ಒರೆಸಿಕೊಳ್ಳುತ್ತ, "ಯಾಕ ಸವೀತೈತಿ ಅಂತ ತಿಳೀದ ನಾ ಇನ್ನೊಂದ್ ಪ್ಲೇಟ್ ಹಾಕೂದಿಲ್ರಿ" ಎಂದರು.

ಕಾಕಾ ಹಳೇ ಟಾಯರಿನ ಮೇಲೆ ಕೂತುಬಿಟ್ಟ. ಅವನ ಮುಖ ನೋಡಲಾಗದೆ ನಾನು ನನಗೆ ಗೊತ್ತಿದ್ದ ಒಂದೇ ವಿದ್ಯೆ ತೆಗೆದೆ. ಖಾಲಿ ಎಣ್ಣೆ ಡಬ್ಬಿಯ ಮೇಲೆ ಕೂತು, ಕುತ್ತಿಗೆ ಚಾಚಿ, ತುಟಿ ಕಚ್ಚಿ, ಕಾಕಾನ ಡ್ರೈವಿಂಗ್ ಶುರು ಮಾಡಿದೆ. ಗ್ಯಾರೇಜಿನವರೆಲ್ಲ ನಕ್ಕರು. ಕಾಕಾನೂ ಅರ್ಧ ನಕ್ಕ. ಮಿಸ್ತ್ರಿ ನಗಲಿಲ್ಲ.

"ಇನ್ನೊಮ್ಮಿ ಮಾಡು."

ಹುರುಪಿನಿಂದ ಮಾಡಿದೆ.

"ಕೈ, ಮುಖ ಬ್ಯಾಡ. ಕಾಲ ಅಷ್ಟ ಮಾಡು."

ಕಾಲಿನ ಬಗ್ಗೆ ನಾನು ಎಂದೂ ವಿಚಾರ ಮಾಡಿದವನಲ್ಲ. ಅವು ಮೈಯ ಹಿಂದೆ ತಾವೇ ಬರುತ್ತಿದ್ದವು. ಈಗ ಕೆಳಗೆ ನೋಡಿದರೆ ನನ್ನ ಎಡಹಿಮ್ಮಡಿ ಎದ್ದು ನಿಂತಿತ್ತು, ಬೆರಳುಗಳು ಇಲ್ಲದ ಪೆಡಲಿನ ಮೇಲೆ ಹಗುರಾಗಿ ಕೂತು ಒತ್ತುತ್ತ, ಏಳುತ್ತ ಇದ್ದವು. ಒಮ್ಮೆಯೂ ಪೂರ್ತಿ ಬಿಡುತ್ತಿರಲಿಲ್ಲ.

ಮಿಸ್ತ್ರಿ ಕಾಕಾನ ಕಡೆ ತಿರುಗಿದರು. "ಯಜಮಾನ್ರ, ಮಗ್ಗದಾಗ ಎಷ್ಟ್ ವರ್ಷ ಕುಂತಿದ್ರಿ?"

ನಾವು ಅವರಿಗೆ ಊರು ಹೇಳಿದ್ದೆವು, ಮಗ್ಗದ ಸುದ್ದಿ ತೆಗೆದಿರಲಿಲ್ಲ. ಕುಣಿಯಲ್ಲಿ ಇಳಿಬಿಟ್ಟ ಕಾಲು ತುಳಿಯುವ ಹಲಗೆಯನ್ನು ಬಿಟ್ಟಿರುವುದಿಲ್ಲ, ಮಿಸ್ತ್ರಿಯ ಸೋದರಮಾವನೂ ಗುಳೇದಗುಡ್ಡದಲ್ಲಿ ಮಗ್ಗಕ್ಕೆ ಹಾಗೇ ಕೂರುತ್ತಿದ್ದರಂತೆ. ಕ್ಲಚ್ಚಿನ ಮೇಲೆ ಕಾಲು ಇಟ್ಟೇ ಓಡಿಸಿದರೆ ಅದು ದಿನವಿಡೀ ಅರ್ಧ ಒತ್ತಿದ ಹಾಗೆ, ಪ್ಲೇಟು ಜಾರಿ ಜಾರಿ ಸುಡುತ್ತದೆ ಎಂದು ವಿವರಿಸಿದರು. ಊರಿಗೆಲ್ಲ ಆ ಕಾಲನ್ನು ತೋರಿಸಿ ನಗಿಸಿದವನು ನಾನು. ಅದರಲ್ಲಿ ಮಗ್ಗವನ್ನು ಕಂಡವರು, ಕಾಕಾ ಓಡಿಸಿದ್ದನ್ನು ಒಮ್ಮೆಯೂ ನೋಡದ ಮಿಸ್ತ್ರಿ.

ಮರುದಿನ ಹೊಸ ಪ್ಲೇಟು ಬಿತ್ತು. ಇನ್ನು ಮುಂದೆ ಕಾಲು ಇಡುವುದಿಲ್ಲ ಎಂದು ಕಾಕಾ ಆಣೆ ಮಾಡಲು ಹೊರಟರೆ ಮಿಸ್ತ್ರಿ ತಡೆದರು. "ಕಾಲಿಗೆ ಬುದ್ಧಿ ಹೇಳಾಕ ಆಗೂದಿಲ್ರಿ. ಅದಕ್ಕ ಜಾಗಾ ಕೊಡ್ರಿ." ಕ್ಲಚ್ಚಿನ ಎಡಕ್ಕೆ ಒಂದು ಕಟ್ಟಿಗೆಯ ತುಂಡು ಜಡಿಸಿಕೊಳ್ಳಲು ಹೇಳಿದರು.

ಮನೆಗೆ ಬಂದವನೇ ಕಾಕಾ ಕುಣಿಗೆ ಇಳಿದ. ಕಾಕು ಬಾಗಿಲಲ್ಲಿ ನಿಂತು ನೋಡಿದಳು. ಇಪ್ಪತ್ತು ವರ್ಷ ತುಳಿದು ಹೆಬ್ಬೆರಳಿನ ಗುಳಿ ಬಿದ್ದಿದ್ದ ಆ ಹಲಗೆಯನ್ನೇ ಕಿತ್ತು, ಕೊಯ್ದು, ಕಾರಿನಲ್ಲಿ ಜಡಿದ. ಮಗ್ಗಕ್ಕೆ ಮತ್ತೆ ಕೂಡುವ ಮಾತು ಅಲ್ಲಿಗೆ ಮುಗಿಯಿತು.

ಬಾದಾಮಿಯ ಅದೇ ಏರನ್ನು ಐದು ಮಂದಿ ತುಂಬಿಕೊಂಡು ಹತ್ತಿದೆವು. ಇಂಜಿನ್ನು ಗರ್ಜಿಸಿದಷ್ಟೂ ಗಾಡಿ ಏರಿತು. "ಮಾಡು ಲೇ ಈಗ ನನ್ನ ಅಣಕ" ಎಂದ ಕಾಕಾ. ನಾನು ಬಗ್ಗಿ ನೋಡಿದೆ. ಎಡಗಾಲಿನ ಹೆಬ್ಬೆರಳು ತನ್ನ ಗುಳಿಯಲ್ಲಿ ಕೂತು, ಹಲಗೆಯನ್ನು ಮೆಲ್ಲಗೆ ತುಳಿಯುತ್ತಲೇ ಇತ್ತು. ಏರು ಮುಗಿಯುವವರೆಗೂ ನಾನು ಅದನ್ನೇ ನೋಡುತ್ತಿದ್ದೆ.