ಅಪ್ಪ ಇರುವಾಗಲೇ ತೆಗೆದ ಮೀಸೆ

ನನ್ನ ಮುಖ ನನ್ನದಲ್ಲ ಎಂದು ಸರ್ಕಾರ ನನಗೆ ತಿಳಿಸಿದ್ದು ಯಲಬುರ್ಗಾದ, ಆನ್‌ಲೈನ್ ಅರ್ಜಿ ಹಾಕಿಕೊಡುವ ಒಂದು ಅಂಗಡಿಯಲ್ಲಿ. ನಾನು ಸರ್ಕಾರಿ ಕಚೇರಿಯೊಂದರ ಜೀಪು ಓಡಿಸುವವನು. ಯಾವ ಕಚೇರಿ ಎಂದು ಹೇಳುವುದಿಲ್ಲ, ಸ್ಟೇರಿಂಗ್ ಇನ್ನೂ ನನ್ನ ಕೈಯಲ್ಲೇ ಇದೆ. ಕಾಯಂ ನೌಕರಿಯಲ್ಲ, ಗುತ್ತಿಗೆ. ಲೈಸೆನ್ಸಿನ ಅವಧಿ ಮುಗಿಯಲು ಹನ್ನೆರಡು ದಿನ ಉಳಿದಿತ್ತು. ‘ಅಷ್ಟರೊಳಗ ರಿನೀವಲ್ ಆಗಲಿಲ್ಲಂದ್ರ ಒಂದನೇ ತಾರೀಕಿಗೆ ಬ್ಯಾರೇದವನ್ನ ಕುಂಡ್ರಸ್ತೀನಿ, ಮತ್ತ ನನ್ನ ಬೈಬ್ಯಾಡ’ ಎಂದು ಗುತ್ತಿಗೆದಾರ ಮೊದಲೇ ಹೇಳಿಬಿಟ್ಟಿದ್ದ.

ಕಾಗದಪತ್ರವೆಲ್ಲ ಸರಿಯಿತ್ತು. ಡಾಕ್ಟರ ಸರ್ಟಿಫಿಕೇಟೂ ಇತ್ತು. ಉಳಿದದ್ದು ಮುಖವೊಂದೇ. ಅಂಗಡಿಯ ಹುಡುಗಿ ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದು, ‘ಅಣ್ಣಾರ, ಕಣ್ಣ ಮಿಟುಕಸ್ರಿ’ ಎಂದಳು. ಮಿಟುಕಿಸಿದೆ. ಆಧಾರಿನ ಫೋಟೋಕ್ಕೆ ಹೊಂದಾಣಿಕೆ ಆಗಲಿಲ್ಲ. ಬೆಳಕಿಗೆ ಬಂದು ನಿಂತೆ, ಆಗಲಿಲ್ಲ. ಮುಖ ತೊಳೆದು ಬಂದೆ, ಆಗಲಿಲ್ಲ. ಹಿಂದೆ ಸ್ಟುಡಿಯೋದಲ್ಲಿ ಫೋಟೋ ತೆಗೆಸುವಾಗ ಕಣ್ಣು ಮಿಟುಕಿಸಿದರೆ ಬೈಯುತ್ತಿದ್ದರು. ಈಗ ಅರ್ಧ ಗಂಟೆ ಪರಹೆಂಗಸಿನ ಮುಂದೆ ಕಣ್ಣು ಮಿಟುಕಿಸುತ್ತ ಕೂತರೂ ಕೆಲಸ ಆಗುವುದಿಲ್ಲ.

ಕೊನೆಗೆ ಅವಳು ನನ್ನ ಆಧಾರ್ ಕಾರ್ಡನ್ನು ಎತ್ತಿ ನೋಡಿದಳು. ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು.

‘ಇದರಾಗ ಇರೋರು ಯಾರ್ರಿ?’

ನಾನೇ. ಆದರೆ ತಲೆ ಬೋಳು, ಮೀಸೆ ಇಲ್ಲ, ಕಣ್ಣು ಊದಿಕೊಂಡಿವೆ. ಆಧಾರಿನವರು ನಮ್ಮ ಬೇವೂರಿನ ಸಾಲೆಯಲ್ಲಿ ಕ್ಯಾಂಪು ಹಾಕಿದ ಕೊನೆಯ ದಿನವೇ ತೀರಿಕೊಂಡ ನಮ್ಮ ಅವ್ವನ ದಿನಕರ್ಮ. ಹಿಂದಿನ ದಿನ ತಲೆ, ಮೀಸೆ ಎರಡನ್ನೂ ತೆಗೆಸಿದ್ದೆ. ಬಂದ ನೆಂಟರಿಗೆ ಉಣ್ಣಲು ಬಡಿಸುತ್ತಿದ್ದವನನ್ನು ಯಾರೋ ‘ಇವತ್ತ ತಪ್ಪಿದ್ರ ಕುಷ್ಟಗಿಗೆ ತಿರಗಬೇಕಾಕ್ಕೈತಿ ನೋಡಪಾ’ ಎಂದು ಹೊರಡಿಸಿ ಕಳಿಸಿದರು. ಸಾರಿನ ಸೌಟು ಕೆಳಗಿಟ್ಟು ಓಡಿಹೋಗಿ, ಅತ್ತ ಮುಖದಲ್ಲೇ ಕ್ಯಾಮೆರಾದ ಮುಂದೆ ಕೂತು ಬಂದೆ. ಬುದ್ಧಿವಂತಿಕೆ ಮಾಡಿದೆನೆಂದೇ ಆಗ ಅಂದುಕೊಂಡಿದ್ದೆ.

ಫೋಟೋ ಬದಲಿಸಬಹುದಂತೆ. ‘ಬದಲಾಗಿ ಬರಾಕ ಹದಿನೈದು ದಿನ ಹಿಡೀತೈತ್ರಿ, ತಿಂಗಳಾದ್ರೂ ಆತು’ ಎಂದಳು ಹುಡುಗಿ. ನನ್ನ ಹತ್ತಿರ ಇದ್ದದ್ದು ಹನ್ನೆರಡು ದಿನ. ಲೈಸೆನ್ಸಿನ ಕಚೇರಿಗೆ ಹೋಗಿ ನಿಂತೆ. ಗಾಜಿನ ಹಿಂದಿದ್ದವರು ನನ್ನ ಮುಖ ನೋಡದೆಯೇ ‘ಈಗೆಲ್ಲ ಆನ್‌ಲೈನ್ ರೀ, ಇಲ್ಲಿ ಬರೂದು ಬ್ಯಾಡಂತನ ಮಾಡ್ಯಾರ’ ಎಂದರು. ನಾನು ಅಲ್ಲಿಗೆ ಬಂದು ನಿಂತಾಗಿತ್ತು ಎಂಬುದು ಅವರ ಲೆಕ್ಕಕ್ಕೇ ಬರಲಿಲ್ಲ.

ಉಳಿದದ್ದು ನಮ್ಮ ಸಾಹೇಬರು. ಆರು ವರ್ಷ ಅವರನ್ನು ಕೊಪ್ಪಳದ ಮೀಟಿಂಗಿಗೆ, ಗಂಗಾವತಿಯ ಮೀಟಿಂಗಿಗೆ, ಆ ಮೀಟಿಂಗುಗಳ ಬಗ್ಗೆ ನಡೆಯುವ ಮೀಟಿಂಗಿಗೆ ಹೊತ್ತು ತಿರುಗಿದವನು ನಾನು. ‘ಸರ್, ಇಂವ ನಮ್ಮ ಡ್ರೈವರ್ರೇ ಅಂತ ಒಂದು ಕಾಗದ ಬರದುಕೊಡ್ರಿ’ ಎಂದೆ. ಅವರು ಕನ್ನಡಕ ಏರಿಸಿ ನನ್ನನ್ನು ದಿಟ್ಟಿಸಿದರು.

‘ಅರೆ, ನಿನಗೆ ಮೀಸೆ ಇದೆಯೇನಯ್ಯಾ?’

ಅವರನ್ನೇನು ಅನ್ನುವುದು? ಹಿಂದಿನ ಸೀಟಿನಲ್ಲಿ ಕೂತು ಆರು ವರ್ಷ ನನ್ನ ಹಿಂದಲೆ, ಹೆಡಕು ಮಾತ್ರ ನೋಡಿದವರು. ಕಾಗದದಿಂದ ಏನೂ ಆಗುವುದಿಲ್ಲ, ಸಿಸ್ಟಮ್ ಒಪ್ಪಬೇಕು ಎಂದು ಹೇಳಿ, ಜೀಪು ತೆಗೆಯಲು ಹೇಳಿದರು. ಅವತ್ತು ಅವರು ಭಾಷಣ ಮಾಡಿದ್ದು, ಸರ್ಕಾರ ಜನರ ಮನೆಬಾಗಿಲಿಗೆ ಬಂದಿರುವುದರ ಬಗ್ಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಹಳೆಯ ಮಾತು. ಈಗ ಪೂಜಾರಿಯನ್ನು ತೆಗೆದು ಮಷೀನು ಕೂರಿಸಿದ್ದಾರೆ. ಪೂಜಾರಿಯಾದರೆ ಒಂದು ಕಾಯಿ ಒಡೆಸಿದರೆ ಒಲಿಯುತ್ತಿದ್ದ.

ಉಪಾಯ ಹೇಳಿದ್ದು ಆ ಹುಡುಗಿಯೇ. ‘ಅಣ್ಣಾರ, ಸುಮ್ನ ಫೋಟೋದಾಗ ಇದ್ದಂಗ ಆಗಿಬಿಡ್ರಿ.’

ಅವಳಿಗೆ ಹೇಳುವುದು ಸುಲಭ. ನಮ್ಮ ಕಡೆ ಹೆತ್ತವರಲ್ಲಿ ಒಬ್ಬರು ಹೋದಾಗಲೇ ಮಗ ಮೀಸೆ ತೆಗೆಯುವುದು. ಅವ್ವನದು ಮುಗಿದಿದೆ, ಇನ್ನುಳಿದಿರುವುದು ಅಪ್ಪ. ಎಂಬತ್ತರ ಹತ್ತಿರ ಬಂದ ಅಪ್ಪ ದಿನಾ ಬೆಳಿಗ್ಗೆ ರೊಟ್ಟಿ ತಿಂದು ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿರುವಾಗ ಮಗ ಮೀಸೆ ಬೋಳಿಸಿಕೊಂಡರೆ, ಅಪ್ಪನನ್ನು ಕೈಯಾರೆ ಕಳಿಸಿದ ಹಾಗೆ. ಜುಟ್ಟನ್ನು ಎಂದೋ ಸರ್ಕಾರದ ಕೈಗೆ ಕೊಟ್ಟಾಗಿತ್ತು, ಈಗ ಮೀಸೆಯನ್ನೂ ಕೊಡಬೇಕು.

ಅಪ್ಪನಿಗೆ ಹೇಳದೆ, ಕಳ್ಳನ ಹಾಗೆ ಹಿಂದಿನ ಓಣಿಯಿಂದ ಊರ ಕ್ಷೌರದಂಗಡಿಗೆ ಹೋದೆ. ಅಂಗಡಿಯವನು ಕತ್ತಿ ಕೆಳಗಿಟ್ಟುಬಿಟ್ಟ.

‘ನಿಮ್ಮಪ್ಪ ಯಜಮಾನ್ರು ಈಗರ ನಂಗ ರಾಮರಾಮ ಅಂದು ಹೋದ್ರು. ಅವರು ಇರೂವಾಗ ನಾ ನಿನ್ನ ಮೀಸಿಗೆ ಕತ್ತಿ ಹಚ್ಚಲೇನು? ಅವರ ಬಂದು ಹೇಳಲಿ.’

ಬೇರೆ ದಾರಿ ಇರಲಿಲ್ಲ. ಮನೆಗೆ ಹೋಗಿ, ತಲೆ ತಗ್ಗಿಸಿ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಎದ್ದುಹೋಗಿ ಬಾಯೊಳಗಿನ ಎಲೆಯಡಿಕೆ ಉಗುಳಿ ಬಂದು ಕೂತ. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

‘ಅವರಿಗೆ ನಿನ್ನ ಆ ಅತ್ತ ಮಾರಿ ಬೇಕಾಗೈತಿ ಅನ್ನು’ ಎಂದ ಕೊನೆಗೆ. ‘ಮೀಸಿ ಬರ್ತೈತಿ, ನೌಕರಿ ಬರೂದಿಲ್ಲ. ನಡಿ, ನಾನೂ ಬರ್ತೀನಿ.’

ಅಪ್ಪ ಹಬ್ಬಕ್ಕೆ ಸುತ್ತುವ ಪಟಕಾವನ್ನು ತಲೆಗೆ ಸುತ್ತಿಕೊಂಡ. ಕ್ಷೌರದಂಗಡಿಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲೇ, ಬೀದಿಗೆ ಮುಖ ಮಾಡಿ ಕೂತ. ಹೋಗುವವರು, ಬರುವವರು ನನ್ನ ತಲೆ ನೋಡಿ ಗಕ್ಕನೆ ನಿಲ್ಲುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಅಪ್ಪ ಕೈಯೆತ್ತಿ ‘ಅದೀನಪ್ಪಾ, ಇನ್ನೂ ಅದೀನಿ’ ಎನ್ನುತ್ತಿದ್ದ.

ಆದರೂ ಸುದ್ದಿಗೆ ಕಾಲು ಬಂತು. ನಾವು ಮನೆ ಮುಟ್ಟಿ ಒಂದು ತಾಸಾಗಿತ್ತು, ಹಿಟ್ನಾಳದಿಂದ ನಮ್ಮ ಸೋದರತ್ತೆ ‘ಅಣ್ಣಾ, ನನ್ನ ಬಿಟ್ಟು ಹೋದೇನೋ’ ಎಂದು ಎದೆ ಬಡಿದುಕೊಳ್ಳುತ್ತ ಆಟೋದಿಂದ ಇಳಿದಳು. ಅವಳಿಗೆ ಕಾಲಿಗೆ ನೀರು ತಂದುಕೊಟ್ಟಿದ್ದು ಅಪ್ಪನೇ. ‘ಹೋಗಿಲ್ಲವಾ, ಒಳಗ ಬಾ, ಚಾ ಕುಡಿ.’ ಆಕೆ ಅಪ್ಪನನ್ನು ಕಂಡು ಮತ್ತೊಮ್ಮೆ ಅತ್ತಳು. ಆಮೇಲೆ ನನಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಸರ್ಕಾರಕ್ಕೆ ಬೈದದ್ದನ್ನಂತೂ ಬರೆಯಲೇಬಾರದು.

ಮರುದಿನ ಅಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡೇ ಯಲಬುರ್ಗಾಕ್ಕೆ ಹೋದೆ. ಬೋಳುತಲೆಯವನು ಒಬ್ಬನೇ ಹೋದರೆ ದಾರಿಯಲ್ಲಿ ಎಷ್ಟು ಜನಕ್ಕೆ ಉತ್ತರ ಹೇಳುವುದು? ಹುಡುಗಿ ಮೊಬೈಲು ಹಿಡಿದಳು, ನಾನು ಒಮ್ಮೆ ಕಣ್ಣು ಮಿಟುಕಿಸಿದೆ, ಹಸಿರು ಗುರುತು ಬಂತು. ಮೀಸೆಯಿದ್ದಾಗ ಕಳ್ಳ, ತೆಗೆದ ಮೇಲೆ ಸಾಚಾ. ನಗಬೇಕಿತ್ತು, ನಗು ಬರಲಿಲ್ಲ. ಅವ್ವ ಸತ್ತಾಗಿನ ಮುಖ ಒಂದನ್ನೇ ಸರ್ಕಾರ ನನ್ನ ಮುಖ ಎಂದು ಇಟ್ಟುಕೊಂಡಿದೆ. ಅವ್ವ ಇದ್ದಾಗಿನ ನಾನು ಅವರ ಹತ್ತಿರ ಇಲ್ಲವೇ ಇಲ್ಲ.

ತಿರುಗಿ ಬರುವಾಗ ಹಿಂದಿನಿಂದ ಅಪ್ಪ ಕೇಳಿದ.

‘ಮತ್ತ ಯಾವಾಗ ಮಾಡಸಬೇಕೋ ಇದನ್ನ?’

‘ಐದು ವರ್ಷಕ್ಕ.’

ಅಪ್ಪ ನನ್ನ ಬೆನ್ನಿನ ಮೇಲೇ ಬೆರಳೂರಿ ಐದು ಎಣಿಸಿದ. ಆಮೇಲೆ ನನ್ನ ಹೆಗಲು ತಟ್ಟಿದ.

‘ಹಂಗಾದ್ರ ಫೋಟೋ ಬದಲಿ ಮಾಡಸಬ್ಯಾಡ ಬಿಡು. ಅಷ್ಟೊತ್ತಿಗೆ ನಾನು ಹೊಂಟಿರ್ತೀನಿ. ಒಮ್ಮೆ ಬೋಳಿಸಿದ್ದು ಎರಡಕ್ಕೂ ಆಕ್ಕೈತಿ.’

ಬೈಕನ್ನು ರಸ್ತೆಯ ಮಗ್ಗುಲಿಗೆ ನಿಲ್ಲಿಸಿ ಅಪ್ಪನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅಪ್ಪ ಪಟಕಾ ಸರಿಮಾಡಿಕೊಳ್ಳುತ್ತ ನಗುತ್ತಲೇ ಇದ್ದ.

ಮೀಸೆ ಬೆರಳಿಗೆ ಸಿಗುವಷ್ಟು ಬೆಳೆದ ವಾರವೇ ರಜೆ ಹಾಕಿ ಕೊಪ್ಪಳಕ್ಕೆ ಹೋಗಿ ಆಧಾರಿಗೆ ಹೊಸ ಫೋಟೋ ಕೊಟ್ಟುಬಂದೆ. ಐದು ವರ್ಷದ ನಂತರ ನನ್ನ ಮೀಸೆ ನೋಡಿಯೇ ಆ ಮಷೀನು ಹಸಿರಾಗಬೇಕು. ಅವತ್ತೂ ಅಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡೇ ಹೋಗುತ್ತೇನೆ.