ನಲವತ್ತರ ವೀರ, ಒಂಬೈನೂರರ ರಾಕ್ಷಸ

ಇವತ್ತು ನವರಂಗಪುರದ ಫುಟ್‌ಪಾತಿನ ಹಳೆ ಪುಸ್ತಕದಂಗಡಿಯಲ್ಲಿ ಕಾಮಿಕ್ಸ್ ಒಂದನ್ನು ತೆರೆದೆ. ಆ ಕಾಗದದ ವಾಸನೆಗೆ ವಡೋದರಾದ ಗೋರ್ವಾದಲ್ಲಿದ್ದ ನಮ್ಮ ಬಾಡಿಗೆ ಮನೆ ನೆನಪಾಯಿತು.

ಬ್ಯಾಂಕಿನಲ್ಲಿದ್ದ ಅಪ್ಪನಿಗೆ ವರ್ಗವಾಗಿ ನಾವು ಅಲ್ಲಿಗೆ ಹೋಗಿದ್ದೆವು. ಅಣ್ಣ ಹಿಂದಿ ಕಾಮಿಕ್ಸ್ ಓದಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದ. ಪ್ರತಿ ಪಾತ್ರದ ಚಿತ್ರದ ಕೆಳಗೂ ಅದರ ಬಲದ ಅಂಕಿ ಇರುತ್ತಿತ್ತು. ಒಮ್ಮೆ ವೀರನಿಗೆ ನಲವತ್ತು, ರಾಕ್ಷಸನಿಗೆ ಒಂಬೈನೂರು ಎಂದು ಕೇಳಿ ನಾನು ಅಳತೊಡಗಿದೆ.

"ಅಯ್ಯೋ ಪೆದ್ದಿ, ನಮಗೆ ಭಯ ಆಗ್ಲಿ ಅಂತಾನೇ ಆ ನಂಬರ್ ಹಾಕೋದು. ಯಾರು ಗೆಲ್ತಾರೆ ಅಂತ ಅದು ಹೇಳಲ್ಲ," ಎಂದು ಅಣ್ಣ ಪುಟ ತಿರುಗಿಸಿದ. ರಾಕ್ಷಸ ಕೆಸರಿನಲ್ಲಿ ಬಿದ್ದಿದ್ದ.

ಆ ಮಳೆಗಾಲದಲ್ಲಿ ಅಣ್ಣನಿಗೆ ಮಲೇರಿಯಾ ಬಂತು. ಹನ್ನೆರಡಿರಬೇಕಾದ ಹಿಮೋಗ್ಲೋಬಿನ್ ಆರಕ್ಕಿಳಿದಿದೆ ಎಂದರು ಡಾಕ್ಟರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ರಿಪೋರ್ಟನ್ನು ಮಡಚುತ್ತ, ಬಿಡಿಸುತ್ತ ನಿಂತರು. ನಾನು ಅಣ್ಣನ ಕಿವಿಯಲ್ಲಿ ಹೇಳಿದೆ: "ನಂಬರ್ ಕೇಳಿ ಹೆದರ್ಬೇಡ ಕಣೋ. ಯಾರು ಗೆಲ್ತಾರೆ ಅಂತ ಅದು ಹೇಳಲ್ಲ." ಅವನು ಕಣ್ಣು ತೆರೆಯದೆಯೇ ನಕ್ಕ.

ಎರಡು ಬಾಟಲಿ ರಕ್ತ ಕೊಟ್ಟರು. ನಾಲ್ಕನೆಯ ದಿನ ಜ್ವರ ಬಿಟ್ಟಿತು. ನರ್ಸ್ ಹೊಸ ರಿಪೋರ್ಟ್ ತಂದು, "ಹವೇ ಸಾರೂ ಛೇ, ಬೇನ್," ಎಂದಳು. ಈಗ ಚೆನ್ನಾಗಿದೆ, ಅಕ್ಕಾ ಎಂಬುದು ತಿಳಿಯುವಷ್ಟು ಗುಜರಾತಿ ಅಮ್ಮನಿಗೆ ಬರುತ್ತಿತ್ತು. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳು ಬಾಯಿಬಿಟ್ಟು ಟೀ ಕೇಳಿದಳು.

ಫುಟ್‌ಪಾತಿನಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿದೆ.

"ಏನೇ, ಏನಾಯ್ತು?" ಎಂದ.

"ಏನಿಲ್ಲ, ಸುಮ್ನೆ ಮಾಡ್ದೆ," ಎಂದೆ.